ಕಾಲಿಗೆ ಎರಡು ಅಳತೆ, ಅಂಗಡಿಗೆ ಒಂದೇ ನಂಬರು

ಮುಂಗಾರು ಹಿಡಿಯುವ ಮೊದಲು ಒಮ್ಮೆ ಘಟ್ಟ ಇಳಿದು ಮಂಗಳೂರಿಗೆ ಹೋಗಿ ಬರುವುದು ಕೊಟ್ಟಿಗೆಹಾರದ ಸುತ್ತಿನ ನಮಗೆಲ್ಲ ಹಳೆಯ ರೂಢಿ. ಕೊಡೆ, ಟಾರ್ಪಾಲು, ಒಣಮೀನು, ಮಕ್ಕಳ ಪುಸ್ತಕ, ಆಸ್ಪತ್ರೆಯ ಕೆಲಸ, ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಿಕೊಂಡು ಚಾರ್ಮಾಡಿಯಲ್ಲಿ ಮಂಜು ಕವಿಯುವ ಮೊದಲೇ ಮೇಲೇರಿಬಿಡುತ್ತೇವೆ. ಈ ಸಲ ಮೇ ತಿಂಗಳ ಕೊನೆಯ ವಾರದಲ್ಲಿ ನಾನು ಇಳಿದದ್ದು ಒಂದೇ ಒಂದು ವಸ್ತುವಿಗಾಗಿ: ಕಾಡಿನ ದಾರಿಯಲ್ಲಿ ನಡೆಯಲು ಒಂದು ಜೊತೆ ಬೂಟು. ಬೆಳಿಗ್ಗೆ ಹಂಪನಕಟ್ಟೆಯಲ್ಲಿ ಆರಂಭಿಸಿದವಳು ಬಲ್ಮಠ, ಕಂಕನಾಡಿ ಸುತ್ತಿ, ಮಧ್ಯಾಹ್ನ ಬಂದರಿನ ಸಗಟು ಅಂಗಡಿಗಳ ಸಂದಿಯಲ್ಲಿ ಬೆವರು ಸುರಿಸಿ, ಒಟ್ಟು ಒಂಬತ್ತು ಅಂಗಡಿಗಳ ಮೆಟ್ಟಿಲು ಹತ್ತಿ ಇಳಿದೆ.

ಒಂಬತ್ತರಲ್ಲಿಯೂ ಮೊದಲ ಪ್ರಶ್ನೆ ಒಂದೇ ಆಗಿತ್ತು. "ಎಷ್ಟು ನಂಬರ್ ಮೇಡಂ?" ಐದು ಎಂದೆ. ಉದ್ದಕ್ಕೆ ಐದು ಸರಿಯಾಗುತ್ತದೆ, ಆದರೆ ನನ್ನ ಪಾದ ಸಪೂರ, ಅಗಲ ಕಡಿಮೆ ಇರುವ ಬೂಟು ಬೇಕು ಎಂದು ಸೇರಿಸಿದಾಗ ಮಾತ್ರ ಅಂಗಡಿಯ ಹುಡುಗರ ಮುಖದಲ್ಲಿ ಗೊಂದಲ ಕಾಣಿಸುತ್ತಿತ್ತು. "ಅಗಲಕ್ಕೆ ಬೇರೆ ನಂಬರ್ ಬರುವುದಿಲ್ಲ ಮೇಡಂ. ಲೇಡೀಸ್‌ನಲ್ಲಿ ಈ ನಮೂನೆಯದ್ದು ಇಲ್ಲವೇ ಇಲ್ಲ. ಜೆಂಟ್ಸ್ ಆರು ಉಂಟು. ದಪ್ಪದ ಸಾಕ್ಸ್ ಹಾಕಿದರೆ ಸರಿಯಾಗ್ತದೆ." ಒಂಬತ್ತು ಕಡೆ ಕೇಳಿದ ಉತ್ತರದ ತಾತ್ಪರ್ಯ ಇಷ್ಟೇ. ಮಾತಿನ ವಿನಯದಲ್ಲಿ ಮಂಗಳೂರಿನ ವ್ಯಾಪಾರಿಗಳನ್ನು ದೂರುವಂತಿಲ್ಲ.

ಪರಿಸರ ಪತ್ರಿಕೆಯಲ್ಲಿ ಪಾದರಕ್ಷೆಯ ಪುರಾಣವೇಕೆ ಎಂದು ಓದುಗರು ಕೇಳಬಹುದು. ನನ್ನೊಬ್ಬಳ ಕಾಲಿನ ಪ್ರಶ್ನೆಯಾಗಿದ್ದರೆ ಬರೆಯುತ್ತಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ನಮ್ಮ ಬಳಗದ ತೊರೆಗಳ ಸಮೀಕ್ಷೆಯಲ್ಲಿ ನಡೆದ ಒಂದು ಸಂಗತಿ ನನ್ನನ್ನು ಈ ಕೆಲಸಕ್ಕೆ ಹಚ್ಚಿತು. ಅದರಲ್ಲಿ ತಪ್ಪು ನಮ್ಮದು, ನನ್ನ ಪಾಲು ಅದರಲ್ಲಿ ಸಣ್ಣದಲ್ಲ.

ಸಮೀಕ್ಷೆಗೆ ಬರುವವರು ಬರಿಗಾಲಿನಲ್ಲಾಗಲಿ ಹವಾಯಿ ಚಪ್ಪಲಿಯಲ್ಲಾಗಲಿ ಬರಕೂಡದೆಂಬ ನಿಯಮವನ್ನು ನಾವೇ ಮಾಡಿಕೊಂಡಿದ್ದೆವು. ಇಲ್ಲದವರಿಗೆ ಕೊಡಲೆಂದು ಗೋಣಿಚೀಲವೊಂದರಲ್ಲಿ ಹಳೆಯ ಬೂಟುಗಳಿದ್ದವು. ಎಲ್ಲವೂ ಯಾರೋ ದಾನ ಕೊಟ್ಟವು, ಎಲ್ಲವೂ ಗಂಡಸರವು, ಏಳರಿಂದ ಒಂಬತ್ತು ನಂಬರಿನವು. ಎರಡನೆಯ ವರ್ಷದ ಪದವಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಏಳನೆಯ ನಂಬರಿನದನ್ನು ಕೊಟ್ಟು, ಮುಂದೆ ಹಳೆಯ ಬಟ್ಟೆ ತುರುಕಿಕೋ ಎಂದು ಹೇಳಿದವಳು ನಾನೇ. ಹತ್ತುವಾಗ ತೊಂದರೆಯಾಗಲಿಲ್ಲ. ಇಳಿಯುವಾಗ ಹಿಮ್ಮಡಿ ಒಂದೊಂದು ಹೆಜ್ಜೆಗೂ ಮೇಲೆದ್ದು ಜಾರುತ್ತಿತ್ತು, ಬೆರಳುಗಳು ಮುಂದಕ್ಕೆ ನುಗ್ಗಿ ಬೂಟಿನ ಮೂತಿಗೆ ಬಡಿಯುತ್ತಿದ್ದವು. ಸಂಜೆಯ ಹೊತ್ತಿಗೆ ಎರಡೂ ಹಿಮ್ಮಡಿಗಳಲ್ಲಿ ಬೊಕ್ಕೆಯೆದ್ದು ಒಡೆದು, ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಆ ಹುಡುಗಿ ಬಾಯಿ ಬಿಡಲಿಲ್ಲ. ಹಿರಿಯರು ಕೊಟ್ಟ ಬೂಟು ಕಚ್ಚಿತೆಂದು ಹೇಳುವುದು ಹೇಗೆ ಎಂಬ ಸಂಕೋಚ.

ಮರುದಿನದಿಂದ ಮನೆಯಲ್ಲಿ ನಾಟಿ. ಮೂರು ದಿನ ಗದ್ದೆಯ ನೀರಿನಲ್ಲಿ ನಿಂತಳು. ಹತ್ತು ಹನ್ನೊಂದು ದಿನಗಳ ಅನಂತರ ಜ್ವರ, ಮೀನಖಂಡದಲ್ಲಿ ತಡೆಯಲಾರದ ನೋವು, ಕಣ್ಣು ಕೆಂಪು. ಮಂಗಳೂರಿನ ಆಸ್ಪತ್ರೆಗೆ ಒಯ್ದಾಗ ಇಲಿಜ್ವರವೆಂದು ತಿಳಿಯಿತು. ಸಕಾಲದಲ್ಲಿ ಚಿಕಿತ್ಸೆ ದೊರೆತು ಒಂದು ವಾರದಲ್ಲಿ ಮನೆಗೆ ಮರಳಿದಳು, ಈಗ ಆರೋಗ್ಯವಾಗಿದ್ದಾಳೆ. ಇಲಿ ಮುಂತಾದ ಪ್ರಾಣಿಗಳ ಮೂತ್ರದಿಂದ ನಿಂತ ನೀರಿಗೆ ಸೇರುವ ಲೆಪ್ಟೊಸ್ಪೈರಾ ಎಂಬ ಸೂಕ್ಷ್ಮಾಣು ಚರ್ಮದ ಗಾಯದ ಮೂಲಕ ದೇಹವನ್ನು ಹೊಗುತ್ತದೆ. ತಡವಾದರೆ ಮೂತ್ರಪಿಂಡ, ಯಕೃತ್ತುಗಳನ್ನು ಹಾಳುಮಾಡುತ್ತದೆ. ಆ ರೋಗ ಆ ಬೊಕ್ಕೆಗಳ ಮೂಲಕವೇ ಬಂತೆಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ, ವಿಜ್ಞಾನದ ಶಿಸ್ತಿನಲ್ಲಿ ಬೆಳೆದ ನಾನು ಹಾಗೆ ಹೇಳುವುದೂ ಇಲ್ಲ. ಆದರೆ ಗದ್ದೆಗಿಳಿಯುವ ಕಾಲಿಗೆ ಎರಡು ತೆರೆದ ಬಾಗಿಲುಗಳನ್ನು ಇಟ್ಟವರು ನಾವು. ಅವಳ ಕಾಲನ್ನು ರಕ್ಷಿಸಲೆಂದು ಕೊಟ್ಟ ಬೂಟಿನಿಂದ ಅದು ಆಯಿತು.

ಆಮೇಲೆ ಒಂದು ದಿನ ನನ್ನ ಮನೆಯ ಜಗಲಿಯಲ್ಲಿ ಅವಳ ಪಾದವನ್ನು ಕಾಗದದ ಮೇಲೆ ಇರಿಸಿ ಪೆನ್ಸಿಲಿನಿಂದ ಸುತ್ತು ಗೆರೆ ಎಳೆದೆ. ನಂತರ ನನ್ನದನ್ನು. ನನ್ನ ಪಾದದ ಉದ್ದ 238 ಮಿ.ಮೀ., ಬೆರಳುಗಳ ಬುಡದಲ್ಲಿ ಅಗಲ 84. ಅವಳದು ಇನ್ನೂ ಕಿರಿದು. ಇಪ್ಪತ್ತು ವರ್ಷಗಳಿಂದ ತೋಟ, ಕಾಡು, ಪ್ರಯೋಗದ ತಾಕುಗಳಲ್ಲಿ ನಡೆಯುತ್ತ, ಬೂಟೆಂದರೆ ಕಚ್ಚುವುದೇ ಅದರ ಸ್ವಭಾವ ಎಂದು ನಂಬಿಕೊಂಡಿದ್ದ ನನಗೆ ನನ್ನ ಕಾಲಿನ ಅಗಲವೆಷ್ಟೆಂದು ಅಂದಿನವರೆಗೆ ತಿಳಿದಿರಲಿಲ್ಲ. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿ ಎಂದು ಊರೂರಿಗೆ ಹೋಗಿ ಭಾಷಣ ಮಾಡುವವಳು ನಾನು!

ಬೂಟಿನ ನಂಬರು ಎಂಬುದರ ಮೂಲ ಕುತೂಹಲಕರವಾಗಿದೆ. ನಮ್ಮ ಅಂಗಡಿಗಳಲ್ಲಿ ಬಳಕೆಯಲ್ಲಿರುವುದು ಸ್ವಾತಂತ್ರ್ಯಪೂರ್ವದಲ್ಲಿ ಬಂದ ಇಂಗ್ಲಿಷ್ ಪದ್ಧತಿ. ಅದರ ಮೂಲಮಾನ ಬಾರ್ಲಿ ಕಾಳು. ಮೂರು ಕಾಳುಗಳನ್ನು ಉದ್ದಕ್ಕೆ ಸಾಲಾಗಿ ಇಟ್ಟರೆ ಒಂದು ಅಂಗುಲ. ಒಂದು ನಂಬರಿನಿಂದ ಮುಂದಿನ ನಂಬರಿಗೆ ಒಂದು ಕಾಳಿನಷ್ಟು, ಎಂದರೆ ಸುಮಾರು ಎಂಟೂವರೆ ಮಿ.ಮೀ. ಅಂತರ. ವಯಸ್ಕರ ಐದನೆಯ ನಂಬರಿನ ಬೂಟನ್ನು ಹೊಲಿಯುವ ಅಚ್ಚಿನ ಉದ್ದ ಸರಿಯಾಗಿ 10 ಅಂಗುಲ. ಬಾರ್ಲಿ, ಎಂದರೆ ಜವೆಗೋಧಿ, ನಮ್ಮ ದೇಶದಲ್ಲಿಯೂ ಅಳತೆಯ ಮಾನವಾಗಿತ್ತು. ಎಂಟು ಯವಗಳಿಗೆ ಒಂದು ಅಂಗುಲವೆಂದು ಅರ್ಥಶಾಸ್ತ್ರದ ಲೆಕ್ಕ. ಆದರೆ ಅಲ್ಲಿ ಹೇಳುವುದು ಯವದ ನಡುವಿನ ಅಳತೆಯನ್ನು. ಇಂಗ್ಲಿಷರು ಕಾಳನ್ನು ಉದ್ದವಾಗಿ ಇಟ್ಟು ಅಳೆದರು, ನಮ್ಮವರು ಅಡ್ಡವಾಗಿ ಇಟ್ಟು ಅಳೆದರು. ಧಾನ್ಯಗಳೊಡನೆ ಆಯುಷ್ಯ ಕಳೆಯುವ ನನ್ನಂಥವಳಿಗೆ ಇದು ಸಂತೋಷ ಕೊಡುವ ಸಂಗತಿ, ಅಷ್ಟೆ. ಬೂಟಿನ ವಿಷಯಕ್ಕೆ ಬಂದರೆ ಉದ್ದದ ಕಾಳೇ ಗೆದ್ದಿದೆ.

ಹಾಗೆಂದು ಆ ಪದ್ಧತಿಗಳಲ್ಲಿ ಅಗಲದ ಲೆಕ್ಕವೇ ಇಲ್ಲವೆಂದಲ್ಲ. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ನಂಬರಿನ ಪಕ್ಕದಲ್ಲಿ ಒಂದು ಅಕ್ಷರ ಬರೆಯುವ ಕ್ರಮವಿದೆ. ಅಮೆರಿಕದಲ್ಲಿ ಗಂಡಸರಿಗೆ 'ಡಿ' ಎಂದರೆ ಸಾಧಾರಣ ಅಗಲ, 'ಬಿ' ಎಂದರೆ ಕಿರಿದು. ಹೆಂಗಸರಿಗೆ 'ಬಿ' ಸಾಧಾರಣ, ಎರಡು 'ಎ' ಕಿರಿದು. 1920ರ ದಶಕದಲ್ಲಿಯೇ ಚಾರ್ಲ್ಸ್ ಬ್ರಾನಾಕ್ ಎಂಬ ಅಮೆರಿಕದವರು ಉದ್ದ, ಅಗಲ ಎರಡನ್ನೂ ಒಮ್ಮೆಗೇ ಅಳೆಯುವ ಲೋಹದ ಹಲಗೆಯೊಂದನ್ನು ರೂಪಿಸಿದರು. ಮಿಲಿಮೀಟರುಗಳಲ್ಲಿ ಪಾದದ ಉದ್ದ, ಅಗಲಗಳನ್ನು ಜೊತೆಯಾಗಿ ನಮೂದಿಸುವ ಮೊಂಡೊಪಾಯಿಂಟ್ ಎಂಬ ಅಂತರರಾಷ್ಟ್ರೀಯ ಮಾನವೂ ಉಂಟು. ಜ್ಞಾನದ ಕೊರತೆಯಿಲ್ಲ. ಆದರೆ ಚಾರಣದ ಬೂಟಿನ ಡಬ್ಬಿ ಹಂಪನಕಟ್ಟೆಯನ್ನು ತಲಪುವ ಹೊತ್ತಿಗೆ ಅಕ್ಷರ ಉದುರಿಹೋಗಿ ನಂಬರು ಮಾತ್ರ ಉಳಿದಿರುತ್ತದೆ.

ಏಕೆ ಹೀಗೆ ಎಂದು ಬಂದರಿನ ಸಗಟು ವ್ಯಾಪಾರಿಯೊಬ್ಬರನ್ನು ಕೇಳಿದೆ. ಹಿರಿಯರು, ಕುರ್ಚಿ ಕೊಟ್ಟು ಕೂರಿಸಿ, ನಿಂಬೆ ಶರಬತ್ತು ತರಿಸಿ, ಸಾವಧಾನವಾಗಿ ವಿವರಿಸಿದರು. ಬೂಟುಗಳು ಬಿಡಿಬಿಡಿಯಾಗಿ ಬರುವುದಿಲ್ಲ, ಪೆಟ್ಟಿಗೆಯಲ್ಲಿ ಸೆಟ್ಟಾಗಿ ಬರುತ್ತವೆ. ಆರರಿಂದ ಹತ್ತರವರೆಗಿನ ನಂಬರುಗಳು, ನಡುವಿನವು ಹೆಚ್ಚು, ತುದಿಯವು ಕಡಿಮೆ. "ಒಂದೊಂದು ನಂಬರಿಗೆ ಮೂರು ಮೂರು ಅಗಲ ಇಟ್ಟರೆ ನನ್ನ ಗೋಡೌನ್ ಮೂರು ಪಾಲು ದೊಡ್ಡದಾಗಬೇಕು ಮಾರಾಯ್ರೇ. ಸಪೂರದ್ದು ನಿಮ್ಮ ಹಾಗೆ ವರ್ಷಕ್ಕೊಬ್ಬರು ಕೇಳ್ತಾರೆ. ಉಳಿದದ್ದನ್ನು ಎಂತ ಮಾಡುವುದು? ಎರಡು ಮಳೆಗಾಲ ಕಳೆದರೆ ಸೋಲೇ ಪುಡಿಯಾಗ್ತದೆ."

ಕೊನೆಯ ಮಾತು ಉತ್ಪ್ರೇಕ್ಷೆಯೆಂದು ಯಾರೂ ಭಾವಿಸಬಾರದು. ಅನೇಕ ಚಾರಣದ ಬೂಟುಗಳ ನಡು ಅಟ್ಟೆಯನ್ನು ಪಾಲಿಯುರೆಥೇನ್ ಎಂಬ ಹಗುರವಾದ ನೊರೆಯಿಂದ ಮಾಡಿರುತ್ತಾರೆ. ಗಾಳಿಯಲ್ಲಿನ ತೇವಾಂಶ ಅದರ ಅಣುಸರಪಳಿಯನ್ನು ನಿಧಾನವಾಗಿ ತುಂಡರಿಸುತ್ತದೆ. ಕಾಲಿಗೆ ಹಾಕದೆ ಡಬ್ಬಿಯಲ್ಲಿಯೇ ಇಟ್ಟರೂ ಕೆಲವು ವರ್ಷಗಳಲ್ಲಿ ಬೆರಳಿನಿಂದ ಒತ್ತಿದರೆ ಉದುರುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯುವ, ಬೇಸಿಗೆಯಲ್ಲಿಯೂ ಅಂಗಿ ಮೈಗಂಟುವ ಮಂಗಳೂರಿನ ಹವೆಯಲ್ಲಿ ಈ ಕ್ರಿಯೆಗೆ ಬೇಕಾದ ಎಲ್ಲ ಅನುಕೂಲವೂ ಇದೆ. ಆದ್ದರಿಂದ ಮಾರಾಟವಾಗದೆ ಉಳಿಯಬಹುದಾದ ಬೂಟನ್ನು ತರಿಸಲು ವ್ಯಾಪಾರಿ ಹೆದರುವುದು ಸಹಜ. ಈ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ವರ್ಷಕ್ಕೊಬ್ಬರು ಮಾತ್ರ ಕೇಳುತ್ತಾರೆಂಬ ಅವರ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಕೇಳುವವರು ಒಬ್ಬರು. ಕೇಳಬಹುದೆಂಬುದೇ ತಿಳಿಯದೆ, ಜೆಂಟ್ಸ್ ಆರನ್ನು ಕಟ್ಟಿಸಿಕೊಂಡು ಹೋಗಿ ಬೊಕ್ಕೆ ಬರಿಸಿಕೊಂಡವರು ಎಷ್ಟೆಂದು ಯಾವ ಗೋಡೌನಿನ ಪುಸ್ತಕದಲ್ಲಿಯೂ ಬರೆದಿರುವುದಿಲ್ಲ.

ದೊಡ್ಡ ನಂಬರು, ದಪ್ಪ ಸಾಕ್ಸ್ ಎಂಬ ಪರಿಹಾರ ಎಷ್ಟು ತಪ್ಪೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಂಬರು ಹೆಚ್ಚಿದಂತೆ ಬೂಟಿನ ಉದ್ದ ಮಾತ್ರವಲ್ಲ, ಸುತ್ತಳತೆಯೂ ಹೆಚ್ಚುತ್ತದೆ. ಇಂಗ್ಲಿಷ್ ಪದ್ಧತಿಯಲ್ಲಿ ಒಂದು ನಂಬರಿಗೆ ಕಾಲಂಗುಲದಷ್ಟು. ಕಿರಿದಾದ ಕಾಲಿಗೆ ಮೊದಲೇ ಸಡಿಲವಾಗಿರುವ ಬೂಟನ್ನು ಇನ್ನಷ್ಟು ಸಡಿಲ ಮಾಡಿಕೊಟ್ಟಂತೆ. ಮೇಲಾಗಿ ಬೂಟು ಬಾಗಬೇಕಾದ ಜಾಗ ಬೆರಳಿನ ಬುಡದಿಂದ ಮುಂದಕ್ಕೆ ಸರಿದುಹೋಗುತ್ತದೆ. ಬಟ್ಟೆ ತುರುಕಿದರೆ ಮುಂದಿನ ಖಾಲಿ ಜಾಗ ತುಂಬುತ್ತದೆಯೇ ಹೊರತು ಹಿಮ್ಮಡಿಯ ಸಡಿಲು ಹಾಗೆಯೇ ಉಳಿಯುತ್ತದೆ. ಒದ್ದೆಯಾದ ದಪ್ಪ ಸಾಕ್ಸ್ ಚರ್ಮವನ್ನು ನೆನೆಸಿ ಮೆತ್ತಗಾಗಿಸುತ್ತದೆ. ಮೆತ್ತಗಾದ ಚರ್ಮದ ಮೇಲೆ ಬೂಟು ಉಜ್ಜಿದರೆ ಬೊಕ್ಕೆ ಬಾರದೆ ಇನ್ನೇನು? ಇಳಿಜಾರಿನಲ್ಲಿ ಪಾದವನ್ನು ಹಿಡಿದು ನಿಲ್ಲಿಸುವುದು ಬೂಟಿನ ಮೂತಿಯಲ್ಲ. ಹಿಮ್ಮಡಿ ಮತ್ತು ಪಾದದ ಮೇಲ್ಭಾಗದ ಬಿಗಿ ಆ ಕೆಲಸ ಮಾಡಬೇಕು. ಬಿಗಿ ಇಲ್ಲದಿದ್ದರೆ ಆ ಕೆಲಸ ಉಗುರಿನ ಪಾಲಾಗುತ್ತದೆ.

ಇನ್ನು ನಮ್ಮ ಹಳ್ಳಿಗಳ ಹಿರಿಯರ ಆಕ್ಷೇಪವೊಂದಿದೆ: ಬೂಟೇ ಏಕೆ ಬೇಕು, ನಾವೆಲ್ಲ ಬರಿಗಾಲಿನಲ್ಲಿ ಘಟ್ಟ ಹತ್ತಿ ಇಳಿದವರಲ್ಲವೇ? ಈ ಮಾತನ್ನು ನಗೆಯಾಡಿ ತಳ್ಳಿಹಾಕುವವರಿಗೆ ನಮ್ಮ ಕರಾವಳಿಯದೇ ಆದ ಕಸ್ತೂರಬಾ ವೈದ್ಯಕೀಯ ಮಹಾವಿದ್ಯಾಲಯದ ಮೂಳೆತಜ್ಞರು 1992ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೆನಪಿಸುತ್ತೇನೆ. ನಾಲ್ಕರಿಂದ ಹದಿಮೂರು ವರ್ಷದ 2300 ಮಕ್ಕಳ ಹೆಜ್ಜೆಗುರುತುಗಳನ್ನು ಅವರು ಪರಿಶೀಲಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇಕಡಾ 8.6ರಷ್ಟಿದ್ದರೆ, ಹಾಕದವರಲ್ಲಿ ಶೇಕಡಾ 2.8 ಮಾತ್ರ. ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಎಲ್ಲರಿಗಿಂತ ಹೆಚ್ಚು, ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. ಬರಿಗಾಲು ಹಿಂದುಳಿದವರ ಲಕ್ಷಣವೆಂದು ಭಾವಿಸಿ ಎಳೆಯ ಮಕ್ಕಳ ಕಾಲಿಗೆ ಬಿಗಿಯಾದ ಶೂ ತೊಡಿಸುವ ಶಾಲೆಗಳು ಓದಬೇಕಾದ ಅಧ್ಯಯನವಿದು. ಬರಿಗಾಲಿನಲ್ಲಿ ಬೆಳೆದವರ ಪಾದ ಮುಂಭಾಗದಲ್ಲಿ ಹೆಚ್ಚು ಹರಡಿಕೊಂಡಿರುತ್ತದೆ ಎಂಬುದೂ ಅಧ್ಯಯನಗಳಿಂದ ತಿಳಿದಿರುವ ವಿಷಯವೇ.

ಆದರೆ ಹಿರಿಯರು ನಡೆದ ಕಾಡು ಬೇರೆ, ನಾವು ನಡೆಯುವ ಕಾಡು ಬೇರೆ. ಚಾರ್ಮಾಡಿಯ ತಿರುವುಗಳ ಕೆಳಗೆ ಪ್ರವಾಸಿಗರು ಎಸೆದ ಬಾಟಲಿಗಳ ಚೂರು ಎಲೆಯಡಿಯಲ್ಲಿ ಅಡಗಿರುತ್ತದೆ. ತೋಟಗಳ ಅಂಚಿನಲ್ಲಿ ಮುರಿದು ಬಿದ್ದ ಮುಳ್ಳುತಂತಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಇಂದು ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಕಾಣಿಸಿಕೊಳ್ಳುತ್ತದೆ. ಅದನ್ನು ಹರಡುವ ಉಣ್ಣೆಗಳು ಹತ್ತುವುದು ನೆಲದ ತರಗೆಲೆಯಿಂದ ಕಾಲಿಗೆ. ಇಂಬಳಗಳ ಮಾತು ಬಿಡಿ, ಅವುಗಳ ಕಡಿತದಿಂದ ಯಾರೂ ಸತ್ತದ್ದಿಲ್ಲ, ಸುಣ್ಣ ಹೊಗೆಸೊಪ್ಪಿನಿಂದ ಪಾರಾಗಬಹುದು. ಹಾವಿನ ಮಾತು ಹಾಗಲ್ಲ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಚ್ಚಿ ಸತ್ತರೆಂಬ ಅಂದಾಜು 2020ರಲ್ಲಿ ಪ್ರಕಟವಾಯಿತು. 2024ರಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕಡಿತಗಳಲ್ಲಿ ಹೆಚ್ಚಿನವು ಆಗುವುದು ಕಾಲಿಗೇ. ಹಾಗಾಗಿ ಹಿರಿಯರೆ, ನಿಮ್ಮ ಬರಿಗಾಲಿಗೆ ಗೌರವ ಸಲ್ಲಿಸಿಯೂ, ಸಮೀಕ್ಷೆಗೆ ಬರುವ ಮಕ್ಕಳ ಕಾಲಿಗೆ ಬೂಟು ಬೇಕೆಂದೇ ನಾನು ವಾದಿಸುತ್ತೇನೆ. ಬೂಟು ಬೇಕೆಂದು ವಿಧಿಸುವವರು ಅದು ಕಾಲಿಗೆ ಹೊಂದುತ್ತದೆಯೇ ಎಂದು ನೋಡುವ ಹೊಣೆಯನ್ನೂ ಹೊರಬೇಕು. ನಾವು ಹೊರಲಿಲ್ಲ.

ಈ ನಡುವೆ ದೇಶಮಟ್ಟದಲ್ಲಿ ಒಂದು ಒಳ್ಳೆಯ ಕೆಲಸವಾಗಿದೆ. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ 79 ಸ್ಥಳಗಳಲ್ಲಿ 1,01,880 ಜನರ ಪಾದಗಳನ್ನು ಯಂತ್ರದಿಂದ ಅಳೆದರು. ಭಾರತೀಯರ ಪಾದ ಸಾಮಾನ್ಯವಾಗಿ ಯುರೋಪು, ಅಮೆರಿಕದವರ ಪಾದಕ್ಕಿಂತ ಅಗಲವೆಂದು ಕಂಡುಬಂತು. ಇಂಗ್ಲಿಷ್ ಅಚ್ಚಿನ ಶೂ ಅಗಲದಲ್ಲಿ ಬಿಗಿಯಾಗುವುದರಿಂದ ನಮ್ಮ ಜನ ಬೇಕಾದದ್ದಕ್ಕಿಂತ ದೊಡ್ಡ ನಂಬರು ಕೊಂಡು ನರಳುತ್ತಿದ್ದಾರೆಂಬುದು ಅವರ ತೀರ್ಮಾನ. ಇದರ ಆಧಾರದ ಮೇಲೆ 'ಭ' ಎಂಬ ಹೆಸರಿನ, ಎಂಟು ಗಾತ್ರಗಳ ಸ್ವದೇಶಿ ಪದ್ಧತಿಯೊಂದನ್ನು ಪ್ರಸ್ತಾಪಿಸಲಾಯಿತು. ಬಹುಜನರಿಗೆ ಇದರಿಂದ ಉಪಕಾರವಾದೀತು, ಸಂಶಯವಿಲ್ಲ. ಗದ್ದೆ ತೋಟಗಳಲ್ಲಿ ಬರಿಗಾಲಿನಲ್ಲಿ ಬೆಳೆದ ನನ್ನ ನೆರೆಯವರ ಪಾದಗಳನ್ನು ನೋಡಿದರೆ ಈ ಸಮೀಕ್ಷೆ ಸುಳ್ಳಲ್ಲವೆಂದು ಯಾರಿಗಾದರೂ ತಿಳಿಯುತ್ತದೆ.

ಆದರೆ ಸರಾಸರಿ ಎಂಬುದರೊಡನೆ ಜೀವಮಾನವಿಡೀ ವ್ಯವಹರಿಸಿದ ನನಗೆ ಒಂದು ಭಯವಿದೆ. ಜಿಲ್ಲೆಯ ಮಣ್ಣಿನ ಸರಾಸರಿ ಹಿಡಿದು ಎಕರೆಗೆ ಇಷ್ಟು ಸುಣ್ಣ, ಇಷ್ಟು ಪೊಟ್ಯಾಷ್ ಎಂದು ಶಿಫಾರಸು ಬರೆದರೆ ಬಹುಪಾಲು ರೈತರಿಗೆ ಅದು ಹೆಚ್ಚುಕಡಿಮೆ ಸರಿಹೋಗುತ್ತದೆ. ಗುಡ್ಡದ ನೆತ್ತಿಯ ಜಂಬಿಟ್ಟಿಗೆ ಮಣ್ಣಿನವನಿಗೂ ಕಣಿವೆಯ ಗೋಡುಮಣ್ಣಿನವನಿಗೂ ಅದು ಸರಿಹೋಗುವುದಿಲ್ಲ. ಮಲೆನಾಡೆಂದರೆ ತುದಿಗಳೇ ಅಲ್ಲವೇ? ಪಾದದ ಸರಾಸರಿ ಅಗಲವಾಯಿತೆಂದು ಅಚ್ಚುಗಳೆಲ್ಲ ಅಗಲವಾದರೆ, ಇಂದು ಹೇಗೋ ಸಾಕ್ಸ್ ತುರುಕಿ ನಡೆಯುತ್ತಿರುವ ಸಪೂರ ಪಾದದವರಿಗೆ ನಾಳೆ ಅದೂ ಸಾಧ್ಯವಾಗದು. ಎಂಟು ಗಾತ್ರಗಳಿರಲಿ, ಹತ್ತಿರಲಿ, ಪ್ರತಿಯೊಂದಕ್ಕೂ ಕನಿಷ್ಠ ಎರಡು ಅಗಲಗಳಿರಬೇಕು, ಅದು ಡಬ್ಬಿಯ ಮೇಲೆ ಮಿಲಿಮೀಟರಿನಲ್ಲಿ ಅಚ್ಚಾಗಿರಬೇಕು ಎಂಬುದು ನನ್ನ ಅಭಿಪ್ರಾಯ. ಕಿರಿದಾದ ಪಾದ ಪೇಟೆಯವರ, ಓದಿದವರ ನಾಜೂಕಿನ ಪಾದವೆಂದು ಬಳಗದ ಗೆಳೆಯರೊಬ್ಬರು ತಮಾಷೆ ಮಾಡಿದರು. ನಾಟಿಯ ಗದ್ದೆಯಲ್ಲಿ ಜ್ವರ ಹಿಡಿಸಿಕೊಂಡವಳ ಪಾದ ಕಿರಿದಾಗಿಯೇ ಇತ್ತೆಂದು ಅವರಿಗೆ ಹೇಳಬೇಕಾಯಿತು.

ನಮ್ಮ ಕೆಳಗಿನ ತುಳುನಾಡಿನಲ್ಲಿ ಮುಟ್ಟಾಳೆಯನ್ನು ನೋಡಿದ್ದೀರಿ. ಅಡಕೆಯ ಹಾಳೆಯನ್ನು ನೆನೆಸಿ ಮಡಚಿ ಹೊಲಿದ ಆ ಟೊಪ್ಪಿಯನ್ನು ಮಾಡುವವರು ತೊಡುವವನ ತಲೆಯನ್ನು ನೋಡಿ ಮಡಚುತ್ತಾರೆ, ನಂಬರು ಕೇಳುವುದಿಲ್ಲ. ತಲೆಗೆ ಸಲ್ಲುವ ಈ ಮರ್ಯಾದೆ ಕಾಲಿಗೇಕೆ ಸಲ್ಲಬಾರದು? ಚರ್ಮದ ಕಸುಬಿನಲ್ಲಿ ಕರ್ನಾಟಕ ಬಡರಾಜ್ಯವೇನಲ್ಲ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿವೆ. ರಾಜ್ಯ ಸರಕಾರದ್ದೇ ಆದ ಲಿಡ್ಕರ್ ಎಂಬ ಚರ್ಮೋದ್ಯಮ ನಿಗಮ 1976ರಿಂದ ಇದೆ. ಕಾಡಿನಲ್ಲಿ ನಡೆದು ದುಡಿಯುವವರಿಗಾಗಿ, ಅರಣ್ಯ ಕಾವಲುಗಾರರು, ತೋಟದ ಹೆಣ್ಣಾಳುಗಳು, ಮನೆಮನೆಗೆ ನಡೆಯುವ ಆಶಾ ಕಾರ್ಯಕರ್ತೆಯರಿಗಾಗಿ, ಎರಡು ಅಗಲಗಳ ಮಳೆಗಾಲದ ಬೂಟನ್ನು ರೂಪಿಸಿ ಎಂದು ಅಂಥ ನಿಗಮವನ್ನು ಕೇಳುವ ಹಕ್ಕು ನಮಗಿದೆ. ಯಾವುದೇ ಕಚೇರಿ ಬೂಟು ಕೊಳ್ಳುವಾಗ ಬೇಡಿಕೆಯ ಪಟ್ಟಿಯಲ್ಲಿ ನಂಬರಿನ ಪಕ್ಕದಲ್ಲಿ ಅಗಲಕ್ಕೊಂದು ಕಾಲಂ ಹಾಕುವುದಕ್ಕೆ ಹಣವೇನೂ ಖರ್ಚಾಗುವುದಿಲ್ಲ.

ಅದೆಲ್ಲ ಆಗುವ ಹೊತ್ತಿಗೆ ಎಷ್ಟು ಮಳೆಗಾಲಗಳು ಕಳೆಯುತ್ತವೋ. ಮಂಗಳೂರಿನಲ್ಲಿ ಕೊನೆಗೆ ನಾನು ಮಾಡಿದ್ದನ್ನು ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ದುಬಾರಿ ಚಾರಣದ ಬೂಟುಗಳನ್ನು ಬಿಟ್ಟು, ಹಂಟರ್ ಶೂ ಎಂದು ಕರೆಯುವ, ಕಾಲುಗಂಟು ಮುಚ್ಚುವ ಹಸಿರು ಕ್ಯಾನ್‌ವಾಸಿನ ಬೂಟಿನಲ್ಲಿ ಐದನೆಯ ನಂಬರನ್ನು ಹುಡುಕಿದೆ. ಅದರ ಅಡಿ ರಬ್ಬರು, ಪುಡಿಯಾಗುವ ನೊರೆಯಲ್ಲ. ಬಟ್ಟೆಯಾದ್ದರಿಂದ ಲೇಸು ಎಳೆದಷ್ಟೂ ಕಾಲಿಗೆ ಅಪ್ಪುತ್ತದೆ, ಒಲೆಯ ಮೇಲಿನ ಅಟ್ಟದಲ್ಲಿ ಒಂದು ರಾತ್ರಿಗೆ ಒಣಗುತ್ತದೆ. ಚರ್ಮದ ಬೂಟು ಒಮ್ಮೆ ನೆನೆದರೆ ಆಟಿ ಕಳೆಯುವವರೆಗೆ ಬೂಸು ಹಿಡಿದು ಕುಳಿತಿರುತ್ತದೆ. ಪಾದ ಹಗಲಿಡೀ ನಡೆದು ಸ್ವಲ್ಪ ಊದಿರುವ ಸಂಜೆಯಲ್ಲಿ, ಕಾಡಿಗೆ ಹಾಕುವ ಸಾಕ್ಸನ್ನೇ ಹಾಕಿ, ಅಂಗಡಿಯ ಮೆಟ್ಟಿಲುಗಳ ಮೇಲೆ ಹತ್ತು ಸಲ ಇಳಿದು ನೋಡಿದೆ. ಅಂಗಡಿಯ ಹುಡುಗ ನಕ್ಕ, ನಗಲಿ. ಇಳಿಯುವಾಗ ಬೆರಳು ಮುಂದೆ ತಾಗಬಾರದು, ಹತ್ತುವಾಗ ಹಿಮ್ಮಡಿ ಏಳಬಾರದು, ಇವೆರಡೇ ಪರೀಕ್ಷೆ.

ಹಿಮ್ಮಡಿ ಸ್ವಲ್ಪ ಏಳುತ್ತಲೇ ಇತ್ತು. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಬಳಿ ಕೊಡೆಯ ಕೆಳಗೆ ಕುಳಿತು ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಬೂಟನ್ನು ನೋಡಲಿಲ್ಲ, ಮೊದಲು ನನ್ನ ಪಾದವನ್ನು ಅಂಗೈಯಲ್ಲಿ ಹಿಡಿದು ನೋಡಿದರು. ಆ ದಿನವೆಲ್ಲ ಹಾಗೆ ನೋಡಿದವರು ಅವರೊಬ್ಬರೇ. ಒಳಹಾಸಿನ ಕೆಳಗೆ ತೆಳುವಾದ ರಬ್ಬರಿನ ಇನ್ನೊಂದು ಪದರ, ಬೂಟಿನ ನಾಲಗೆಯ ಹಿಂಬದಿಗೆ ಉಣ್ಣೆಯ ದಪ್ಪ ಬಟ್ಟೆಯ ಒಂದು ಪಟ್ಟಿ, ಅಷ್ಟು ಹೊಲಿದರು. ಪಟ್ಟಿ ಪಾದದ ಮೇಲ್ಭಾಗವನ್ನು ಹಿಂದಕ್ಕೆ ಒತ್ತಿ ಹಿಮ್ಮಡಿಯನ್ನು ಅದರ ಗೂಡಿನಲ್ಲಿ ಕೂರಿಸುತ್ತದೆ. ಲೇಸನ್ನು ಮೇಲಿನ ಎರಡು ಕಣ್ಣುಗಳ ನಡುವೆ ಅದೇ ಬದಿಯಲ್ಲಿ ಕುಣಿಕೆಯಾಗಿಸಿ, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗಿಂದ ಎಳೆದು ಕಟ್ಟಿದರೆ ಕಾಲುಗಂಟಿನ ಬಳಿ ಬಿಗಿ ಸಡಿಲುವುದಿಲ್ಲ ಎಂಬುದನ್ನು ಮಾತ್ರ ನಾನು ಅವರಿಗೆ ಹೇಳಿಕೊಟ್ಟೆ. ಅವರು ಕೇಳಿದ ಕೂಲಿ ನಾನು ಊಟಕ್ಕೆ ಕೊಟ್ಟದ್ದಕ್ಕಿಂತ ಕಡಿಮೆಯಿತ್ತು. ಹೆಚ್ಚು ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಬಳಗದ ಮುಂದೆ ನನ್ನ ಸೂಚನೆ ಇಷ್ಟು. ಆ ಗೋಣಿಚೀಲವನ್ನು ಇನ್ನು ತೆರೆಯುವುದು ಬೇಡ. ಊರಿನ ಬಡಗಿ ಮಾಡಿಕೊಟ್ಟ ಅಳತೆಯ ಹಲಗೆಯೊಂದು ಈಗ ನನ್ನ ಜಗಲಿಯಲ್ಲಿದೆ: ಹಿಂದೆ ಒಂದು ತಡೆ, ಉದ್ದಕ್ಕೂ ಅಡ್ಡಕ್ಕೂ ಮಿಲಿಮೀಟರಿನ ಗೆರೆಗಳು. ಸಮೀಕ್ಷೆಗೆ ಬರುವ ಪ್ರತಿಯೊಬ್ಬರೂ ಅದರ ಮೇಲೆ ನಿಂತು ಎರಡೂ ಪಾದಗಳ ಉದ್ದ, ಅಗಲ ಬರೆಸಿ ಹೋಗಲಿ. ಎರಡು ಪಾದಗಳು ಸಮವಿರುವುದಿಲ್ಲ, ದೊಡ್ಡದನ್ನು ಹಿಡಿಯಬೇಕು. ಪಟ್ಟಿ ಸಿದ್ಧವಾದರೆ ಬಂದರಿನ ಆ ಹಿರಿಯ ವ್ಯಾಪಾರಿಗೆ ಒಟ್ಟಾಗಿ ಒಯ್ದು ತೋರಿಸಬಹುದು. ವರ್ಷಕ್ಕೊಬ್ಬರಲ್ಲ, ಒಂದೇ ಸಲಕ್ಕೆ ಇಷ್ಟು ಜನ, ಉಳಿಯುವ ಭಯವಿಲ್ಲ, ತರಿಸಿಕೊಡಿ ಎಂದರೆ ಅವರು ಇಲ್ಲವೆನ್ನಲಾರರೆಂದು ಶರಬತ್ತು ಕುಡಿದವಳಾಗಿ ನಂಬುತ್ತೇನೆ.

ಪಟ್ಟಿಯ ಮೊದಲ ಸಾಲು ಬರೆದಾಗಿದೆ. ಉದ್ದ 231, ಅಗಲ 81. ಈ ವರ್ಷ ಅವಳು ಸಮೀಕ್ಷೆಗೆ ಬರುತ್ತಾಳೋ ಇಲ್ಲವೋ, ಅವಳ ತಾಯಿ ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಬೂಟನ್ನಂತೂ ಜೂನ್ ಕಳೆಯುವುದರೊಳಗೆ ತಂದು ಅವರ ಮನೆಗೆ ಮುಟ್ಟಿಸುತ್ತೇನೆ.